ಹಳೆಯ ಬ್ರೇಕಿಗೆ ಹೊಸ ಒಡೆಯ

ಮನೆಗೆ ಹೊಸ ಸ್ಟೀಲಿನ ಪಾತ್ರೆಗಳು ಬಂದುವೆಂದರೆ ಅಟ್ಟದ ಮೇಲಿನ ಹಿತ್ತಾಳೆಯ ಕೊಳಗಕ್ಕೆ ಗ್ರಹಚಾರ ಕಾದಿದೆಯೆಂದೇ ಅರ್ಥ. ಪಾತ್ರೆಯಂಗಡಿಯವನು ಅದನ್ನು ತಕ್ಕಡಿಗೆ ಹಾಕಿ ತೂಗುತ್ತಾನೆ. ತೂಕಕ್ಕೆ ತಕ್ಕ ಹಣವನ್ನು ಎಣಿಸಿ ಕೊಡುತ್ತಾನೆ. ಕೊಟ್ಟವರಿಗೂ ಕೊಂಡವರಿಗೂ ಅಲ್ಲಿಗೆ ಋಣ ತೀರಿತು. ಕೊಳಗದಲ್ಲಿ ಕಣ್ಣಿಗೆ ಕಾಣದ ಒಂದು ತೂತಿದ್ದರೆ ತಾನೆ ಏನಾದೀತು? ನಾಲ್ಕು ಹನಿ ನೀರು ಸೋರೀತು. ಆದರೆ ಮಾರುವ ವಸ್ತು ಮೋಟಾರು ಕಾರಿನ ಬ್ರೇಕಾಗಿದ್ದ ಪಕ್ಷದಲ್ಲಿ ಋಣ ಅಷ್ಟು ಸುಲಭವಾಗಿ ತೀರುವುದಿಲ್ಲ. ಅದನ್ನು ಕೊಂಡವನು ತನ್ನ ಕಾರಿಗೆ ಜೋಡಿಸುತ್ತಾನೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಇಳಿಯುತ್ತಾನೆ. ಆ ಹೊತ್ತಿನಲ್ಲಿ ಅವನ ಕಾಲಿನ ಕೆಳಗಿರುವುದು ಯಾರೋ ಅಪರಿಚಿತನು ಹೇಳಿದ ಮಾತು ಮಾತ್ರವೇ.

ಹಳೆಯ ಸ್ಪೋರ್ಟ್ಸ್ ಕಾರುಗಳ ಹವ್ಯಾಸವು ಬೇರೂರಿರುವ ಇಂಗ್ಲೆಂಡಿನಲ್ಲಿ ಇಂತಹ ವ್ಯಾಪಾರ ನಿತ್ಯವೂ ನಡೆಯುತ್ತದೆ. ಕಾರಿನ ಒಡೆಯನು ಹಳೆಯ ಬ್ರೇಕುಗಳನ್ನು ಬಿಚ್ಚಿ ಅವುಗಳಿಗಿಂತ ಮೇಲಾದುವನ್ನು ಹಾಕಿಸುತ್ತಾನೆ, ಬಿಚ್ಚಿದುವನ್ನು ಮಾರುತ್ತಾನೆ. ಕೇಳುವುದಕ್ಕೆ ಸಣ್ಣ ಸಂಗತಿ. ಆದರೆ ಇದರೊಳಗೆ ಭೌತಶಾಸ್ತ್ರವಿದೆ, ವ್ಯಾಪಾರವಿದೆ, ಕಾಯಿದೆಯಿದೆ. ಎಲ್ಲಕ್ಕೂ ಮಿಗಿಲಾಗಿ ಮನುಷ್ಯನ ಪ್ರಾಮಾಣಿಕತೆಯ ಪರೀಕ್ಷೆಯಿದೆ.

ಉದಾಹರಣೆಗೆ ಎಂಜಿಎ ಎಂಬ ಕಾರನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1955ರಿಂದ 1962ರವರೆಗೆ ಈ ಕಾರು ತಯಾರಾಯಿತು. ಇಬ್ಬರು ಕೂರಬಲ್ಲ, ತಲೆಯ ಮೇಲೆ ಬಟ್ಟೆಯ ಮಾಡುಳ್ಳ, ನೆಲಕ್ಕೆ ಅಂಟಿದಂತೆ ಓಡುವ ಚೆಲುವಾದ ಗಾಡಿ. ಒಟ್ಟು ಒಂದು ಲಕ್ಷಕ್ಕೂ ಸ್ವಲ್ಪ ಹೆಚ್ಚು ಕಾರುಗಳು ಹೊರಬಿದ್ದುವು. ಅವುಗಳಲ್ಲಿ ಬಹುಪಾಲು ಹಡಗನ್ನೇರಿ ಅಮೆರಿಕಕ್ಕೆ ಹೋದುವು. ಈ ಕಾರಿಗೂ ನಮಗೂ ಒಂದು ದೂರದ ನಂಟು ಉಂಟು. ಇದರ ಮೊದಲ ಮಾದರಿಯಲ್ಲಿದ್ದ 1489 ಘನ ಸೆಂಟಿಮೀಟರಿನ ಎಂಜಿನ್ನಿನ ವಂಶಕ್ಕೆ ಸೇರಿದ ಎಂಜಿನ್ನೇ ನಮ್ಮ ಅಂಬಾಸಿಡರ್ ಕಾರಿನಲ್ಲಿಯೂ ಬಹುಕಾಲ ದುಡಿಯಿತು. ವಿಧಾನಸೌಧದ ಮುಂದೆ ಸಾಲಾಗಿ ನಿಲ್ಲುತ್ತಿದ್ದ ಬಿಳಿಯ ಅಂಬಾಸಿಡರುಗಳು, ಆಂಗ್ಲ ತರುಣರು ಮೋಜಿಗಾಗಿ ಓಡಿಸುತ್ತಿದ್ದ ಈ ಕಾರು, ಇವೆರಡೂ ಒಂದೇ ಮನೆತನದ ಅಣ್ಣತಮ್ಮಂದಿರ ಮಕ್ಕಳೆಂದರೆ ತಪ್ಪಾಗದು.

ಎಂಜಿಎ 1500 ಎಂಬ ಆ ಮೊದಲ ಮಾದರಿಗೆ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕುಗಳಿದ್ದುವು. ಡ್ರಮ್ ಎಂದರೆ ಚಕ್ರದೊಡನೆ ತಿರುಗುವ 10 ಅಂಗುಲ ವ್ಯಾಸದ ಒಂದು ಎರಕದ ಕಬ್ಬಿಣದ ಬಟ್ಟಲು. ಅದನ್ನು ಡೋಲು ಎಂದು ಕನ್ನಡಿಸಬಹುದಾಗಿತ್ತು. ಆದರೆ ನಮ್ಮ ಮೆಕ್ಯಾನಿಕರ ಬಾಯಲ್ಲಿ ನೆಲೆನಿಂತಿರುವ ಮಾತನ್ನು ಕಿತ್ತು ಹಾಕುವುದರಿಂದ ಯಾರಿಗೂ ಲಾಭವಿಲ್ಲ. ಬಟ್ಟಲಿನ ಒಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿರುತ್ತವೆ. ಪೆಡಲನ್ನು ಒತ್ತಿದಾಗ ಅವು ಹೊರಕ್ಕೆ ಚಾಚಿ ಡ್ರಮ್ಮಿನ ಒಳಮೈಗೆ ಉಜ್ಜುತ್ತವೆ, ಚಕ್ರ ನಿಲ್ಲುತ್ತದೆ. ಬಾಗಿಲ ಕೆಳಗೆ ಸಿಕ್ಕಿಸಿದ ಬೆಣೆ ಬಾಗಿಲನ್ನು ತಳ್ಳಿದಷ್ಟೂ ಬಿಗಿಯಾಗುವಂತೆ, ತಿರುಗುವ ಡ್ರಮ್ ಶೂವನ್ನು ತನ್ನೊಡನೆ ಎಳೆದುಕೊಂಡು ಇನ್ನಷ್ಟು ಬಿಗಿ ಮಾಡುತ್ತದೆ. ಆದುದರಿಂದ ಡ್ರಮ್ ಬ್ರೇಕಿಗೆ ಕಾಲಿನ ಬಲ ಕಡಮೆ ಸಾಕು. ಅದರ ಗುಣ ಇದು.

ಅದರ ದೋಷ ಶಾಖದಲ್ಲಿದೆ. ಓಡುವ ಕಾರನ್ನು ನಿಲ್ಲಿಸುವುದೆಂದರೆ ಅದರ ಚಲನಶಕ್ತಿಯನ್ನು ಶಾಖವನ್ನಾಗಿ ಮಾರ್ಪಡಿಸುವುದು. ಸುಮಾರು 900 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವಾಗ ಅದನ್ನು ನಿಲ್ಲಿಸಿದರೆ ಹುಟ್ಟುವ ಶಾಖವು ಒಂದು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದು. ನಮ್ಮ ಒಲೆಗಳು ಹಲವು ನಿಮಿಷಗಳಲ್ಲಿ ಮಾಡುವ ಕೆಲಸವನ್ನು ಬ್ರೇಕುಗಳು ಕೆಲವೇ ಸೆಕೆಂಡುಗಳಲ್ಲಿ ಮಾಡುತ್ತವೆ. ವೇಗ ಇಮ್ಮಡಿಯಾದರೆ ಶಾಖ ನಾಲ್ವಡಿಯಾಗುವುದು. ಘಟ್ಟದ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕು ಒತ್ತುತ್ತ ಹೋದರೆ ಮುಚ್ಚಿದ ಬಟ್ಟಲಿನೊಳಗಿನ ಶಾಖಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಕಬ್ಬಿಣ ಕಾದು ಹಿಗ್ಗುತ್ತದೆ. ಡ್ರಮ್ಮಿನ ಒಳಮೈ ಶೂವಿನಿಂದ ದೂರ ಸರಿಯುತ್ತದೆ. ಲೈನಿಂಗಿನ ಹಿಡಿತ ಸಡಿಲವಾಗುತ್ತದೆ. ಒತ್ತಿದ ಪೆಡಲು ಒತ್ತಿದಂತೆಯೇ ಇದ್ದರೂ ಕಾರು ಮಾತ್ರ ನಿಲ್ಲಲೊಲ್ಲದು.

ಇದಕ್ಕೆ ಪರಿಹಾರವೇ ಡಿಸ್ಕ್ ಬ್ರೇಕು. ಇಲ್ಲಿ ಬಟ್ಟಲಿಲ್ಲ, ಚಕ್ರದೊಡನೆ ತಿರುಗುವ ಒಂದು ತಟ್ಟೆಯಿದೆ. ಕ್ಯಾಲಿಪರ್ ಎಂಬ ಹಿಡಿಕೆ ಎರಡು ಕಡೆಗಳಿಂದಲೂ ಅದನ್ನು ಇಕ್ಕುಳದಂತೆ ಅಮುಕುತ್ತದೆ. ತಟ್ಟೆಯು ಬಯಲಿನಲ್ಲಿಯೇ ಇರುವುದರಿಂದ ಗಾಳಿಗೆ ಆರುತ್ತದೆ. ಮಳೆಯ ನೀರು ಬಿದ್ದರೂ ಸಿಡಿದು ಹೋಗುತ್ತದೆ. ಈ ಕಲ್ಪನೆ ಹೊಸದೇನೂ ಅಲ್ಲ. ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದನು. ಲೋಕದ ಕಣ್ಣು ತೆರೆದುದು ಮಾತ್ರ 1953ರಲ್ಲಿ. ಆ ವರ್ಷ ಫ್ರಾನ್ಸಿನ ಲೆ ಮಾನ್ಸ್ ಊರಿನ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯದಲ್ಲಿ ಡನ್‌ಲಪ್ ಡಿಸ್ಕ್ ಬ್ರೇಕುಗಳನ್ನು ತೊಟ್ಟ ಜಾಗ್ವಾರ್ ಸಿ-ಟೈಪ್ ಕಾರನ್ನು ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗೆಲುವಿಗೆ ಒಯ್ದರು. ಗಂಟೆಗೆ 105 ಮೈಲಿಗೂ ಮಿಕ್ಕಿದ ಸರಾಸರಿ ವೇಗ! ಎದುರಾಳಿಗಳು ತಿರುವು ಬರುವ ಎಷ್ಟೋ ಮೊದಲೇ ಬ್ರೇಕು ಹಿಡಿಯಬೇಕಾಗಿದ್ದಾಗ, ಜಾಗ್ವಾರಿನ ಚಾಲಕರು ತಿರುವಿನ ಹತ್ತಿರ ಬರುವವರೆಗೂ ವೇಗವನ್ನು ಕಾಯ್ದುಕೊಳ್ಳಬಹುದಾಗಿತ್ತು. ಗೆಲುವಿನ ಗುಟ್ಟು ಓಡುವುದರಲ್ಲಿ ಮಾತ್ರವಲ್ಲ, ನಿಲ್ಲುವುದರಲ್ಲಿಯೂ ಇದೆಯೆಂದು ಅಂದು ಎಲ್ಲರಿಗೂ ಮನವರಿಕೆಯಾಯಿತು. 1956ರಲ್ಲಿ ಟ್ರಯಂಫ್ ಟಿಆರ್3 ಕಾರಿನ ಮುಂದಿನ ಚಕ್ರಗಳಿಗೆ ಡಿಸ್ಕುಗಳು ಬಂದುವು. 1959ರಲ್ಲಿ ಹೊರಟ ಎಂಜಿಎ 1600 ಮಾದರಿಗೂ ಮುಂದುಗಡೆ 11 ಅಂಗುಲದ ಡಿಸ್ಕುಗಳು ದೊರೆತುವು. ಹಿಂದೆ ಡ್ರಮ್ಮುಗಳೇ ಉಳಿದುವು. ಬ್ರೇಕು ಹಿಡಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದೇ ಅಲ್ಲವೆ?

ಈಗ ಎಂಜಿಎ 1500 ಕಾರನ್ನು ಅಕ್ಕರೆಯಿಂದ ಸಾಕಿಕೊಂಡಿರುವ ಇಂಗ್ಲೆಂಡಿನ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳಿರಿ. ಅಂದಿನ ರಸ್ತೆಗಳಲ್ಲಿ ಅವನ ಕಾರಿನ ಮುಂದೆ ಹೋಗುತ್ತಿದ್ದ ಗಾಡಿಗಳಿಗೂ ಡ್ರಮ್ ಬ್ರೇಕುಗಳೇ ಇದ್ದುವು. ಇಂದು ಹಾಗಲ್ಲ, ಮುಂದಿನ ಗಾಡಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ನಿಂತುಬಿಡುವುದು. ಆದುದರಿಂದ ಅವನು 1600ರ ಮಾದರಿಯ ಡಿಸ್ಕು, ಕ್ಯಾಲಿಪರು, ಹಬ್ಬುಗಳನ್ನು ಸಂಪಾದಿಸಿ ತನ್ನ ಕಾರಿಗೆ ಹಾಕಿಸುತ್ತಾನೆ. ಡ್ರಮ್ ಬ್ರೇಕಿನ ಕೊಳವೆಗಳಲ್ಲಿ ಸ್ವಲ್ಪ ಒತ್ತಡವನ್ನು ಉಳಿಸಿಕೊಳ್ಳುವ ಒಂದು ಕವಾಟ ಸಾಮಾನ್ಯವಾಗಿ ಇರುತ್ತದೆ. ಡಿಸ್ಕಿಗೆ ಅದು ಸಲ್ಲದು. ಅದನ್ನು ಹಾಗೆಯೇ ಬಿಟ್ಟರೆ ಪೆಡಲಿನಿಂದ ಕಾಲು ತೆಗೆದ ಮೇಲೂ ಪ್ಯಾಡುಗಳು ತಟ್ಟೆಗೆ ಒರಸುತ್ತಲೇ ಇರುವುವು. ತಿಳಿದವರು ಅದನ್ನೂ ಬದಲಿಸುತ್ತಾರೆ. ಕೆಲಸವೆಲ್ಲ ಮುಗಿದ ಮೇಲೆ ಷೆಡ್ಡಿನ ಮೂಲೆಯಲ್ಲಿ ಉಳಿಯುವುದೇನು? ಎರಡು ಡ್ರಮ್ಮುಗಳು, ಅವುಗಳ ಹಿಂಬದಿಯ ತಗಡುಗಳೆರಡು, ನಾಲ್ಕು ಶೂಗಳು, ಚಕ್ರಕ್ಕೆರಡರಂತೆ ನಾಲ್ಕು ವೀಲ್ ಸಿಲಿಂಡರುಗಳು, ಹಬ್ಬುಗಳು, ಒಂದು ಡಬ್ಬಿಯ ತುಂಬ ಸ್ಪ್ರಿಂಗು ತಿರುಪುಗಳು. ಗೃಹಿಣಿ ಬಾಗಿಲಲ್ಲಿ ನಿಂತು, ಈ ಕಬ್ಬಿಣಕ್ಕೆ ಎಂದು ಬಿಡುಗಡೆಯೆಂದು ಕೇಳುವುದು ಎಲ್ಲ ದೇಶಗಳಲ್ಲಿಯೂ ಒಂದೇ.

ಇವನ್ನು ಕೊಳ್ಳುವವರಿದ್ದಾರೆಯೆ? ಖಂಡಿತ ಇದ್ದಾರೆ. ಒಬ್ಬನು ಡಿಸ್ಕು ಬೇಕೆಂದು ಡ್ರಮ್ಮನ್ನು ಬಿಚ್ಚುವಾಗ, ಇನ್ನೊಬ್ಬನು ಕಾರು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಇರಬೇಕೆಂದು ಅದೇ ಡ್ರಮ್ಮಿಗಾಗಿ ಊರೂರು ಅಲೆಯುತ್ತಿರುತ್ತಾನೆ. ಮೂರನೆಯವನೊಬ್ಬನು ಹಳೆಯ ಕಾರುಗಳ ಪಂದ್ಯಗಳಲ್ಲಿ ಭಾಗವಹಿಸುವವನು. ಅಂತಹ ಪಂದ್ಯಗಳ ನಿಯಮಗಳು ಆಯಾ ಕಾಲದ ಭಾಗಗಳನ್ನೇ ಕೇಳುವುದುಂಟು. ಸವೆದುಹೋಗುವ ರಬ್ಬರು, ಲೈನಿಂಗುಗಳನ್ನು ಹೊಸದಾಗಿ ತಯಾರಿಸಿ ಮಾರುವವರು ಇರುತ್ತಾರೆ. ಹಿಂಬದಿಯ ತಗಡಿನಂತಹ ಸವೆಯದ ಭಾಗಗಳಿಗಾಗಿ ಮಾತ್ರ ಜನ ಹಳೆಯ ಕಾರುಗಳನ್ನೇ ನೆಚ್ಚಬೇಕಾಗುತ್ತದೆ. ಆದುದರಿಂದ ಇಂತಹ ವ್ಯಾಪಾರದಲ್ಲಿ ಬಿಡಿಬಿಡಿಯಾಗಿ ಮಾರುವುದಕ್ಕಿಂತ ಎಡಬಲಗಳೆರಡೂ ಕೂಡಿದ ಇಡೀ ಜೋಡಣೆಯನ್ನು ಒಟ್ಟಿಗೆ ಮಾರುವುದು ಲೇಸು. ಒಂದು ಕಿವಿಯ ಓಲೆಯನ್ನು ಯಾರು ತಾನೆ ಕೊಂಡಾರು?

ಮಾರುವ ಮೊದಲು ಮಾಡಬೇಕಾದ ಕೆಲಸವೊಂದಿದೆ: ರಾಶಿಯನ್ನು ಮೂರು ಪಾಲು ಮಾಡುವುದು. ಹಾಗೆಯೇ ಬಳಸಬಹುದಾದುವು ಒಂದು ಪಾಲು. ದುರಸ್ತಿಯಾದ ಮೇಲೆ ಮಾತ್ರ ಬಳಸಬಹುದಾದುವು ಎರಡನೆಯದು. ಯಾರ ಕೈಗೂ ಸಿಗಬಾರದಂಥವು ಮೂರನೆಯದು. ಈ ಮೂರನೆಯ ಪಾಲನ್ನು ಗುರುತಿಸುವುದರಲ್ಲಿಯೇ ಮಾರುವವನ ಯೋಗ್ಯತೆ ಗೊತ್ತಾಗುತ್ತದೆ.

ಮೊದಲು ಶೂಗಳ ವಿಚಾರ. ಹಳೆಯ ಬ್ರೇಕುಗಳ ಲೈನಿಂಗಿನಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಶಾಖವನ್ನು ತಡೆಯುವುದರಲ್ಲಿ ಅದಕ್ಕೆ ಸಮನಿಲ್ಲ. ಆದರೆ ಅದರ ನವುರಾದ ಎಳೆಗಳು ಉಸಿರಿನೊಡನೆ ಶ್ವಾಸಕೋಶವನ್ನು ಸೇರಿದರೆ ಹತ್ತಾರು ವರ್ಷಗಳ ಬಳಿಕ ಕ್ಯಾನ್ಸರಾಗಿ ಕಾಣಿಸಿಕೊಳ್ಳಬಹುದು. ಬ್ರಿಟನ್ನಿನಲ್ಲಿ 1999ರಲ್ಲಿ ಬಿಳಿಯ ಆಸ್‌ಬೆಸ್ಟಾಸಿನ ಆಮದು, ಮಾರಾಟ, ಬಳಕೆಗಳನ್ನು ನಿಷೇಧಿಸಲಾಯಿತು. ಡ್ರಮ್ಮನ್ನು ಬಿಚ್ಚಿದಾಗ ಒಳಗೆ ಕಾಣುವ ಬೂದುಬಣ್ಣದ ಪುಡಿ ಹಲವು ವರ್ಷ ಸವೆದ ಲೈನಿಂಗಿನದು. ಅದನ್ನು ಬಾಯಿಂದ ಊದುವುದಾಗಲಿ, ಗಾಳಿಯ ಪಂಪಿನಿಂದ ಹಾರಿಸುವುದಾಗಲಿ, ಒಣ ಬ್ರಷ್ಷಿನಿಂದ ಉಜ್ಜುವುದಾಗಲಿ ಕೂಡದು; ಒದ್ದೆ ಮಾಡಿ ಒರಸಿ, ಒರಸಿದ ಬಟ್ಟೆಯನ್ನೂ ಚೀಲದಲ್ಲಿ ಕಟ್ಟಿಡಬೇಕು. ಯಾವ ಕಾಲದ್ದೆಂದು ತಿಳಿಯದ ಲೈನಿಂಗುಳ್ಳ ಶೂವನ್ನು ಮಾರುವ ಮಾತೇ ಇಲ್ಲ. ಅಪಾಯಕಾರಿ ಕಸವನ್ನು ಸ್ವೀಕರಿಸುವ ಕಡೆಗೇ ಅದನ್ನು ಒಪ್ಪಿಸತಕ್ಕದ್ದು.

ಎರಡನೆಯದು ಸಿಲಿಂಡರುಗಳು. ನಮ್ಮ ಗ್ಯಾರೇಜುಗಳಲ್ಲಿ ಬ್ರೇಕ್ ಆಯಿಲ್ ಎಂದು ಕರೆಯುವ ದ್ರವವು ಸಾಮಾನ್ಯವಾಗಿ ಎಣ್ಣೆಯೇ ಅಲ್ಲ. ಗ್ಲೈಕಾಲ್ ಜಾತಿಯ ರಾಸಾಯನಿಕ. ಮಳೆಗಾಲದಲ್ಲಿ ತೆರೆದಿಟ್ಟ ಉಪ್ಪಿನಂತೆ ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಡಾಟ್ 4 ಎಂಬ ದರ್ಜೆಯ ದ್ರವದ ಕುದಿಬಿಂದು ಹೊಸದಾಗಿರುವಾಗ 230 ಡಿಗ್ರಿ ಸೆಲ್ಷಿಯಸ್ಸಿಗೆ ಕಡಮೆಯಿರಬಾರದೆಂದು ನಿಯಮ. ತೇವ ಸೇರಿದ ಮೇಲೆ ನಿಯಮ ಕೇಳುವುದು 155 ಡಿಗ್ರಿಗಳನ್ನು ಮಾತ್ರ. ದ್ರವ ಕುದಿದು ಆವಿಯಾದರೆ ಪೆಡಲು ನೆಲ ಮುಟ್ಟುವುದು, ಏಕೆಂದರೆ ದ್ರವ ಅಮುಕಿದರೆ ಕುಗ್ಗದು, ಆವಿ ಕುಗ್ಗುವುದು. ಅದೇ ತೇವವು ಸಿಲಿಂಡರಿನ ಒಳಮೈಯನ್ನು ತಿಂದು ಸಣ್ಣ ಸಣ್ಣ ಗುಳಿಗಳನ್ನು ಮಾಡುತ್ತದೆ. ಹೊರಗೆ ಬಣ್ಣ ಬಳಿದು ಹೊಳಪು ಕೊಟ್ಟ ಸಿಲಿಂಡರಿನ ಒಳಗೆ ಇಂತಹ ಗುಳಿಗಳಿದ್ದರೆ ಹೊಸ ರಬ್ಬರೂ ಬಾಳದು, ದ್ರವ ಸೋರುವುದು. ಒಳಗೆ ತೆಳುವಾದ ಸ್ಟೀಲಿನ ಕೊಳವೆಯನ್ನು ಕೂರಿಸಿ ಇಂಥವನ್ನು ಉಳಿಸುವ ಕುಶಲಿಗಳಿದ್ದಾರೆ. ಹಳೆಯದನ್ನು ಪಡೆದು ದುರಸ್ತಿಯಾದುದನ್ನು ಕೊಡುವ ವ್ಯಾಪಾರವೂ ಇದೆ. ಆದುದರಿಂದ ತುಕ್ಕು ತಿಂದ ಸಿಲಿಂಡರಿಗೂ ಬೆಲೆಯುಂಟು, ಅದನ್ನು ತುಕ್ಕು ತಿಂದದ್ದೆಂದೇ ಹೇಳಿ ಮಾರಬೇಕು, ಅಷ್ಟೆ.

ಮೂರನೆಯದು ಡ್ರಮ್. ಹಿಂದೆ ಮಡಕೆ ಕೊಳ್ಳುವ ಹೆಂಗಸರು ಬೆರಳಿನಿಂದ ತಟ್ಟಿ ನಾದ ಕೇಳಿ ಕೊಳ್ಳುತ್ತಿದ್ದರು. ಎರಕದ ಕಬ್ಬಿಣಕ್ಕೂ ಅದೇ ಪರೀಕ್ಷೆ. ಡ್ರಮ್ಮನ್ನು ತೂಗುಹಾಕಿ ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಗಟ್ಟಿಯಾದುದು ಗಂಟೆಯಂತೆ ಮೊಳಗುವುದು. ಬಿರುಕಿದ್ದರೆ ಸತ್ತ ಧ್ವನಿ ಬರುವುದು. ಇದು ಮೊದಲ ಪರೀಕ್ಷೆ ಮಾತ್ರ. ಒಳಮೈಯನ್ನು ಚೆನ್ನಾಗಿ ಒರಸಿ ಬೆಳಕಿಗೆ ಹಿಡಿದು ನೋಡಬೇಕು; ಒಳವ್ಯಾಸವನ್ನು ಹಲವು ಕಡೆ ಅಳೆಯಬೇಕು. ಸವೆತವನ್ನು ಸರಿಪಡಿಸಲು ಲೇತಿನಲ್ಲಿ ಕಡೆದಷ್ಟೂ ಗೋಡೆ ತೆಳುವಾಗುತ್ತದೆ, ಅದಕ್ಕೊಂದು ಮಿತಿಯಿದೆ. ಡಿಸ್ಕುಗಳಿಗೂ ಹೀಗೆಯೇ ಕನಿಷ್ಠ ದಪ್ಪದ ಮಿತಿಯುಂಟು. ಮಿತಿಯನ್ನು ದಾಟಿದುದು, ಬಿರುಕು ಬಿಟ್ಟದ್ದು ಮೂರನೆಯ ಪಾಲಿಗೆ ಸೇರಬೇಕು. ಸೇರಿದ ಮೇಲೆಯೂ ಅದನ್ನು ಇಡಿಯಾಗಿ ಬಿಡಬಾರದು; ಸುತ್ತಿಗೆಯಿಂದ ಒಡೆದೇ ಗುಜರಿಗೆ ಹಾಕುವುದು ವಿವೇಕ. ಏಕೆಂದರೆ ಗುಜರಿಯ ರಾಶಿಯಿಂದ ಹೆಕ್ಕಿ ತೊಳೆದು ಮತ್ತೆ ಅಂಗಡಿಯಲ್ಲಿಡುವ ಕೈಗಳು ಲೋಕದಲ್ಲಿ ಇಲ್ಲದಿಲ್ಲ.

ಇನ್ನು ವರ್ಣನೆಯ ಮಾತು. ಎಂಜಿಎ ಕಾರಿಗೆ ತಂತಿಯ ಕಡ್ಡಿಗಳುಳ್ಳ ಚಕ್ರವೂ ಉಂಟು, ಸ್ಟೀಲಿನ ತಟ್ಟೆಯ ಚಕ್ರವೂ ಉಂಟು; ಎರಡಕ್ಕೂ ಹಬ್ಬುಗಳು ಬೇರೆ ಬೇರೆ. ತಂತಿಚಕ್ರದ ಹಬ್ಬಿನ ಹಲ್ಲುಗಳು ಸವೆದು ಚೂಪಾಗಿದ್ದರೆ ಅದು ಚಕ್ರವನ್ನು ಹಿಡಿಯಲಾರದು. ಆದುದರಿಂದ ಯಾವ ವರ್ಷದ ಕಾರು, ಯಾವ ಬಗೆಯ ಚಕ್ರ, ಎಡವೋ ಬಲವೋ ಎಂಬುದನ್ನೆಲ್ಲ ಹೇಳದಿದ್ದರೆ ಕೊಂಡವನ ಹಣ ನೀರಿನಲ್ಲಿ ಹೋಮ. ವಸ್ತುವನ್ನು ತೊಳೆಯಬೇಕು, ಆದರೆ ಬಣ್ಣ ಬಳಿಯಬಾರದು. ಬಣ್ಣವು ಬಿರುಕನ್ನು ಮರೆಮಾಡುವುದು. ಬಿರುಕಿಲ್ಲದ ಕಡೆಯೂ ಅನುಮಾನವನ್ನು ಹುಟ್ಟಿಸುವುದು. ಒಳ್ಳೆಯ ಮಾರಾಟಗಾರನು ಪ್ರತಿಯೊಂದು ಭಾಗಕ್ಕೂ ಒಂದು ಚೀಟಿ ಕಟ್ಟುತ್ತಾನೆ. ಅದರ ಒಕ್ಕಣೆ ಹೀಗಿದ್ದರೆ ಸಾಕು: “ಎಂಜಿಎ 1500, ಮುಂದಿನ ಎಡಚಕ್ರದ ಹಿಂಬದಿಯ ತಗಡು, ಸಿಲಿಂಡರುಗಳ ಸಹಿತ. ಕಾರು ಓಡುತ್ತಿದ್ದಾಗ ಬಿಚ್ಚಿದ್ದು. ಒಂದು ಸಿಲಿಂಡರಿನೊಳಗೆ ತುಕ್ಕಿದೆ. ದುರಸ್ತಿ ಮಾಡದೆ ಬಳಸಬೇಡಿ.” ಇಷ್ಟನ್ನು ಬರೆಯುವುದರಿಂದ ಬೆಲೆ ಕುಸಿಯುವುದೆಂದು ಹೆದರುವವರುಂಟು. ಆದರೆ ದೋಷವನ್ನು ತಾನಾಗಿಯೇ ಹೇಳಿದವನ ಉಳಿದ ಮಾತುಗಳನ್ನು ಕೊಳ್ಳುವವನು ಹೆಚ್ಚಾಗಿ ನಂಬುತ್ತಾನೆ.

ಇಂತಹ ವಸ್ತುಗಳು ಕೈ ಬದಲಾಯಿಸುವ ಸ್ಥಳಗಳಲ್ಲಿ ಬ್ಯೂಲಿ ಎಂಬ ಹಳ್ಳಿ ಹೆಸರಾದುದು. ಹ್ಯಾಂಪ್‌ಷೈರಿನ ಈ ಹಳ್ಳಿಯಲ್ಲಿ ಲಾರ್ಡ್ ಮಾಂಟೆಗ್ಯು 1952ರಲ್ಲಿ ಮೋಟಾರು ವಸ್ತುಸಂಗ್ರಹಾಲಯವನ್ನು ತೆರೆದನು. 1967ರಲ್ಲಿ ಅಲ್ಲಿಯೇ ಹಳೆಯ ಬಿಡಿಭಾಗಗಳ ಸಂತೆಯನ್ನು ಆರಂಭಿಸಿದನು. ಇಗರ್ಜಿಗಳ ಸಹಾಯಾರ್ಥವಾಗಿ ಹಳೆಯ ಸಾಮಾನುಗಳನ್ನು ಮಾರುವ ಜಂಬಲ್ ಸೇಲ್ ಎಂಬ ಪದ್ಧತಿ ಇಂಗ್ಲೆಂಡಿನಲ್ಲಿದೆ. ಅದರ ಹೆಸರಿಗೆ ಮೋಟಾರಿನ ಹೆಸರನ್ನು ಹೊಂದಿಸಿ ಈ ಸಂತೆಗೆ ಆಟೋಜಂಬಲ್ ಎಂದು ಹೆಸರಿಟ್ಟರು. ಇಂದು ಆ ಮಾತು ಇಂತಹ ಸಂತೆಗಳಿಗೆಲ್ಲ ಸಾಮಾನ್ಯ ನಾಮವಾಗಿದೆ. ಸೆಪ್ಟೆಂಬರ್ ತಿಂಗಳಲ್ಲಿ ಹುಲ್ಲಿನ ಬಯಲಿನ ಮೇಲೆ ಸಾಲಾಗಿ ಅಂಗಡಿಗಳು. ನಮ್ಮ ಸಂತೆಗಳಲ್ಲಿ ಬದನೆ, ಕುಂಬಳಗಳ ರಾಶಿಯಿರುವಂತೆ ಅಲ್ಲಿ ದೀಪ, ಕಾರ್ಬುರೇಟರು, ಡ್ರಮ್ಮುಗಳ ರಾಶಿ. ಇದಲ್ಲದೆ 1930ರಲ್ಲಿ ಹುಟ್ಟಿದ ಎಂಜಿ ಕಾರ್ ಕ್ಲಬ್, 1973ರಲ್ಲಿ ಹುಟ್ಟಿದ ಎಂಜಿ ಓನರ್ಸ್ ಕ್ಲಬ್ ಮುಂತಾದ ಸಂಘಗಳ ಸದಸ್ಯರು ತಮ್ಮತಮ್ಮಲ್ಲಿಯೇ ಕೊಟ್ಟು ಕೊಳ್ಳುವುದುಂಟು. ಅಲ್ಲಿ ಕೊಂಡವನು ಮುಂದಿನ ತಿಂಗಳ ಕೂಟದಲ್ಲಿ ಎದುರಾಗುತ್ತಾನೆ. ಆದುದರಿಂದ ಸುಳ್ಳಿಗೆ ಆಯುಷ್ಯ ಕಡಮೆ.

ನಾಚಿಕೆಯೊಂದೇ ಸಾಲದೆಂದು ಕಾಯಿದೆಯೂ ಕಾವಲಿದೆ. ವಾಹನಕ್ಕೆ ಜೋಡಿಸಿದರೆ ಅದನ್ನು ರಸ್ತೆಯಲ್ಲಿ ಓಡಿಸುವುದೇ ಕಾನೂನುಬಾಹಿರವಾಗುವಂತಹ ಭಾಗವನ್ನು, ಅದು ವಾಹನಕ್ಕೆ ಜೋಡಣೆಯಾಗಲಿದೆಯೆಂದು ನಂಬಲು ಕಾರಣವಿದ್ದೂ ಪೂರೈಸುವುದನ್ನು ಬ್ರಿಟನ್ನಿನ 1988ರ ರೋಡ್ ಟ್ರಾಫಿಕ್ ಆಕ್ಟಿನ 76ನೆಯ ಸೆಕ್ಷನ್ ಅಪರಾಧವೆಂದು ಸಾರುತ್ತದೆ. ಇನ್ನೊಂದು ಸಂಗತಿಯನ್ನೂ ಇದರೊಡನೆ ಗಮನಿಸಬೇಕು. 2018ರ ಮೇ ತಿಂಗಳಿಂದ ಆ ದೇಶದಲ್ಲಿ ನಲವತ್ತು ವರ್ಷಗಳಿಗೂ ಹಳೆಯದಾದ, ದೊಡ್ಡ ಮಾರ್ಪಾಡುಗಳಾಗದ ಕಾರುಗಳಿಗೆ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ದೊರೆತಿದೆ. ಎಂದರೆ ಹಳೆಯ ಕಾರಿಗೆ ಹಳೆಯ ಬ್ರೇಕು ಸೇರಿದ ಮೇಲೆ ಅದನ್ನು ಮೂರನೆಯವನೊಬ್ಬನು ಪರೀಕ್ಷಿಸಿ ತಡೆಯುವನೆಂಬ ಭರವಸೆಯಿಲ್ಲ. ಪರೀಕ್ಷಕನು ಹಿಂದೆ ಸರಿದಷ್ಟೂ ಮಾರುವವನ ಮತ್ತು ಜೋಡಿಸುವವನ ಹೊಣೆ ಹೆಚ್ಚುತ್ತದೆ.

ನಮ್ಮಲ್ಲಿ ಸ್ಪೋರ್ಟ್ಸ್ ಕಾರುಗಳು ವಿರಳವೇನೋ ನಿಜ. ಆದರೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳನ್ನು ಮುದ್ದಿನಿಂದ ಉಳಿಸಿಕೊಂಡಿರುವ ಮನೆಗಳು ಇಂದಿಗೂ ಉಂಟು. ಅವುಗಳಿಗೆ ಬಿಡಿಭಾಗಗಳನ್ನು ಅರಸುತ್ತ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ಹತ್ತಿಳಿಯುವವರನ್ನು ಓದುಗರು ಬಲ್ಲರು. ಅಂತಹವರು ಗುಜರಿಯಲ್ಲಿ ಸಿಕ್ಕಿದ ಹಾರ್ನನ್ನೋ ದೀಪವನ್ನೋ ನಿಶ್ಚಿಂತೆಯಿಂದ ಕೊಳ್ಳಬಹುದು. ಬ್ರೇಕಿನ ವಿಷಯ ಬಂದಾಗ ಮಾತ್ರ ಸಿಲಿಂಡರನ್ನು ಬಿಚ್ಚಿಸಿ ಒಳಗೆ ನೋಡಬೇಕು, ರಬ್ಬರು, ಲೈನಿಂಗುಗಳನ್ನು ಹೊಸದಾಗಿಯೇ ಹಾಕಿಸಬೇಕು, ಬಿಚ್ಚಿ ತೋರಿಸಲು ಒಪ್ಪದ ಅಂಗಡಿಯಿಂದ ಕೈಮುಗಿದು ಹೊರಡಬೇಕು. ತಾವೇ ಮಾರುವ ಸಂದರ್ಭ ಬಂದರೆ ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ಸಾಕು. ಈ ಬ್ರೇಕನ್ನು ಹಾಕಿದ ಕಾರಿನಲ್ಲಿ ನನ್ನ ಮಗುವನ್ನು ಕೂರಿಸಿ ಘಟ್ಟ ಇಳಿಸುವೆನೆ? ಇಳಿಸುವೆನೆಂದು ಮನಸ್ಸು ಒಪ್ಪಿದರೆ ಒಳ್ಳೆಯ ಬೆಲೆಯನ್ನೇ ಕೇಳಬಹುದು. ಒಪ್ಪದಿದ್ದರೆ ಸುತ್ತಿಗೆಯನ್ನು ಎತ್ತಿಕೊಳ್ಳುವುದೇ ಸರಿ. ಒಡೆದ ಎರಕದ ಕಬ್ಬಿಣ ವ್ಯರ್ಥವಾಗುವುದಿಲ್ಲ. ಅದು ಕುಲುಮೆಯನ್ನು ಸೇರಿ, ಕರಗಿ, ಹೊಸದೊಂದು ವಸ್ತುವಾಗಿ ಹೊರಬರುತ್ತದೆ.